ಶ್ರೀ ಪಕ್ಕದ ಗೆರೆ

ನಮ್ಮ ಮನೆ ರಸ್ತೆಗಿಂತ ತಗ್ಗಿನಲ್ಲಿದೆ. ಕಟ್ಟಿಸಿದಾಗ ಹೀಗಿರಲಿಲ್ಲ, ಆಗ ಗೇಟು ದಾಟಿ ಮೆಟ್ಟಿಲು ಇಳಿದರೆ ರಸ್ತೆ. ಆಮೇಲೆ ಡಾಂಬರಿನವರು ಬಂದಾಗಲೆಲ್ಲ ಹಳೆಯದನ್ನು ಕೆತ್ತದೆ ಅದರ ಮೇಲೇ ಹೊಸದನ್ನು ಸುರಿದು ಹೋದರು. ನಡುವೆ ಚರಂಡಿಯವರು ಅಗೆದರು, ಪೈಪಿನವರು ಅಗೆದರು, ಮತ್ತೆ ಡಾಂಬರಿನವರು ಬಂದರು. ರಸ್ತೆ ಮೇಲೇರುತ್ತಾ ಹೋಯಿತು, ಮನೆ ಕೂತಲ್ಲೇ ಕೂತಿತು. ಈಗ ನಾವು ಗೇಟಿನಿಂದ ರಸ್ತೆಗೆ ಹತ್ತಬೇಕು. ಸ್ಕೂಟರು ಹತ್ತಲಿ ಎಂದು ಮಗ ಸಿಮೆಂಟಿನ ಇಳಿಜಾರು ಹಾಕಿಸಿದ. ಜಾಗ ಚಿಕ್ಕದು, ಏರಬೇಕಾದ ಎತ್ತರ ದೊಡ್ಡದು, ಹೀಗಾಗಿ ಅದು ಬಲು ಕಡಿದಾಗಿದೆ. ಸುಬ್ರಹ್ಮಣ್ಯಪುರದ ಹಳೇ ಮನೆಗಳೆಲ್ಲ ಹೆಚ್ಚುಕಮ್ಮಿ ಹೀಗೇ ಆಗಿವೆ. ಇದನ್ನು ಮೊದಲೇ ಹೇಳಿದೆ, ಯಾಕೆಂದರೆ ನಡೆದದ್ದೆಲ್ಲ ಆ ಇಳಿಜಾರಿನ ಮೇಲೆ.

ಅಕ್ಕ ನನ್ನ ಜೊತೆ ಇದ್ದಾಳೆ. ನನಗಿಂತ ದೊಡ್ಡವಳು, ಬಾಯಿಯೂ ನನಗಿಂತ ಜೋರು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಜಯನಗರದಲ್ಲಿ ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು, ಕಾಲುಗಳು ಮಾತ್ರ ಇನ್ನು ಭಾರ ಹೊರುವುದಿಲ್ಲ ಎಂದುಬಿಟ್ಟವು. ಗಾಲಿ ಕುರ್ಚಿ ತಂದೆವು. ಮನೆಯೊಳಗೆ ಚಕ್ರ ತಿರುಗಿಸಿಕೊಂಡು ಅವಳೇ ಓಡಾಡುತ್ತಿದ್ದಳು. ಗೇಟಿನ ಆಚೆ ಹೋಗಬೇಕಾದರೆ ಇಳಿಜಾರು ಹತ್ತಬೇಕು, ಹತ್ತಲು ಯಾರಾದರೂ ಹಿಂದಿನಿಂದ ತಳ್ಳಬೇಕು. ತಳ್ಳಿಸಿಕೊಳ್ಳುವುದಿಲ್ಲ ಎಂದಳು. ಮಗ ಕೇಳಿದ, ಸೊಸೆ ಕೇಳಿದಳು, ನಾನು ಬೈದೆ.

"ನನ್ನೇನು ತಳ್ಳೋ ಗಾಡಿ ಅನ್ಕೊಂಡಿದ್ದೀರಾ, ಬೀದೀಲಿ ಮೆರವಣಿಗೆ ಮಾಡೋಕೆ" ಎಂದಳು.

ಅಲ್ಲಿಗೆ ಅವಳ ಪ್ರಪಂಚ ಗೇಟಿಗೆ ಮುಗಿಯಿತು. ಮೊದಲು ದಿನಾ ಬೆಳಿಗ್ಗೆ ರಸ್ತೆ ತಿರುವಿನ ಹೊಂಗೆ ಮರದ ಕೆಳಗೆ ಸೊಪ್ಪು ಮಾರುವವಳ ಪಕ್ಕ ಕೂತು, ಸುತ್ತಮುತ್ತಲ ಸುದ್ದಿಯನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದವಳು. ಈಗ ಗೇಟಿನ ಸರಳು ಹಿಡಿದು, ಮೇಲೆ ಹೋಗುವವರ ಮೊಣಕಾಲು ನೋಡುತ್ತಾ ಕೂರುತ್ತಿದ್ದಳು. ನಮ್ಮ ತಗ್ಗಿನಿಂದ ಅಷ್ಟೇ ಕಾಣುವುದು.

ಹಿತ್ತಲಲ್ಲಿ ನಮ್ಮ ಕೊಟ್ಟಿಗೆ ಇತ್ತು. ಹಸುಗಳನ್ನು ಕೊಟ್ಟ ಮೇಲೆ ಅದಕ್ಕೆ ಶೀಟು ಹೊದಿಸಿ, ನೆಲ ಮಾಡಿಸಿ ಬಾಡಿಗೆಗೆ ಬಿಟ್ಟೆವು. ಈಗ ಅಲ್ಲಿರುವವಳು ದಾವಣಗೆರೆ ಕಡೆಯ ಹೆಂಗಸು, ನಲವತ್ತು ದಾಟಿದವಳು, ಹಣೆ ತುಂಬ ವಿಭೂತಿ. ಇಂಜಿನಿಯರು. ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು, ಬಿಟ್ಟು, ಸ್ವಂತಕ್ಕೆ ಶುರು ಮಾಡಿದ್ದಳು. ಯಂತ್ರಗಳ ಹೊಟ್ಟೆಯೊಳಗೆ ಇರುತ್ತದಲ್ಲ ಹಸಿರು ಹಲಗೆ, ಟಿ.ವಿ. ರಿಪೇರಿಯವನು ಬಿಚ್ಚಿದಾಗ ಕಾಣುವಂಥದ್ದು, ಆ ಬೋರ್ಡಿನ ನಕ್ಷೆ ಬರೆಯುವುದು ಅವಳ ಕೆಲಸ. ನಕ್ಷೆ ಬರೆದು ಕಳಿಸಿದರೆ ಇನ್ನೆಲ್ಲೋ ಫ್ಯಾಕ್ಟರಿಯಲ್ಲಿ ಹಲಗೆ ತಯಾರಾಗಿ ಬರುತ್ತದೆ. ಅದರ ಮೇಲೆ ಬಿಡಿ ಸಾಮಾನು ಕೂರಿಸಿ, ಬೆಸುಗೆ ಹಾಕಿ ಕೊಡುತ್ತಾಳೆ.

ನಾನು ಎರಡನೇ ಕ್ಲಾಸು ಕೂಡ ಪೂರ್ತಿ ಓದಿದವಳಲ್ಲ. ಅವಳ ಕೆಲಸ ನನಗೆ ಬೇಕಾಗಿಯೂ ಇರಲಿಲ್ಲ. ಒಂದು ಬೆಳಿಗ್ಗೆ ನೀರಿನ ಮೋಟಾರು ಆರಿಸಲು ಹಿತ್ತಲಿಗೆ ಹೋದವಳು ಅವಳ ಕಂಪ್ಯೂಟರಿನ ಮುಂದೆ ನಿಂತುಬಿಟ್ಟೆ.

ಕಪ್ಪು ಪರದೆಯ ತುಂಬ ಕೆಂಪು ಗೆರೆಗಳು, ನೀಲಿ ಗೆರೆಗಳು. ಕೆಲವು ಅಂಗೈ ಅಗಲ, ಕೆಲವು ಕಡ್ಡಿಯಷ್ಟು. ಅಗಲದವು ನೇರ ಬಂದು, ಓರೆಯಾಗಿ ಹೊರಳಿ, ಮತ್ತೆ ನೇರ ಹೋಗುತ್ತಿದ್ದವು. ಸಣ್ಣವು ಹಿಂಡು ಹಿಂಡಾಗಿ ಒಂದರ ಮಗ್ಗುಲಿಗೆ ಒಂದು, ಒಂದನ್ನೊಂದು ಎಲ್ಲೂ ಮುಟ್ಟದೆ ನುಸುಳಿಕೊಂಡು ಹೋಗಿದ್ದವು. ನನಗೆ ಕೆರೆ ಕೆಳಗಿನ ಗದ್ದೆ ಬಯಲು ಕಣ್ಣಿಗೆ ಬಂತು. ಈ ಮನೆ ನಿಂತಿರುವುದೂ ಆ ಬಯಲಿನಲ್ಲೇ. ತೂಬಿನಿಂದ ದೊಡ್ಡ ಕಾಲುವೆ, ಅದರಿಂದ ಸಣ್ಣ ಕಾಲುವೆ, ಅದರಿಂದ ಒಬ್ಬೊಬ್ಬರ ಗದ್ದೆಯ ಬಾಯಿ. ನೀರು ಬಿಡುವ ಕೆಲಸ ನೀರುಗಂಟಿಯದು. ಸನಿಕೆ ಹಿಡಿದು ಇಲ್ಲಿ ಮಣ್ಣು ಕಡಿದು, ಅಲ್ಲಿ ಮಣ್ಣು ಮುಚ್ಚಿ, ಯಾರಿಗೆ ಎಷ್ಟು ಎಂದು ಅವನು ಹಂಚುತ್ತಿದ್ದ. ಆ ಬಯಲನ್ನು ಯಾರೋ ಇರುವೆಗಳ ಊರಿಗಾಗಿ ಮತ್ತೆ ಬರೆದ ಹಾಗಿತ್ತು.

ಇದು ಎಷ್ಟು ದೊಡ್ಡದಮ್ಮ ಎಂದು ಕೇಳಿದೆ. ಅವಳು ತಯಾರಾಗಿದ್ದ ಬೇರೊಂದು ಬೋರ್ಡನ್ನು ನನ್ನ ಅಂಗೈಯಲ್ಲಿಟ್ಟಳು. ಅಂಗೈಯೊಳಗೇ ಹಿಡಿಯಿತು. ಹಸಿರು ಬಣ್ಣದ ಕೆಳಗೆ ಇರುವುದು ತಾಮ್ರವಂತೆ, ಕೆಂಪು ಎಂದರೆ ಮೇಲಿನ ಮುಖದ ತಾಮ್ರ, ನೀಲಿ ಎಂದರೆ ಕೆಳಗಿನ ಮುಖದ್ದು. ತಾಮ್ರದ ದಪ್ಪ ತಲೆಕೂದಲಿಗಿಂತ ಕಮ್ಮಿ ಎಂದಳು. ನಾನು ಉಗುರಿನಿಂದ ಕೆರೆದು ನೋಡಿದೆ, ಏನೂ ತಗುಲಲಿಲ್ಲ. ನಮ್ಮಮ್ಮ ತೊಳೆದು ತೊಳೆದು ಸವೆಸಿದ ತಾಮ್ರದ ಹಂಡೆಯೂ ಇಷ್ಟು ತೆಳ್ಳಗಾಗಿರಲಿಲ್ಲ.

ಒಂದು ಗೆರೆ ಅಷ್ಟು ಅಗಲ, ಇನ್ನೊಂದು ಇಷ್ಟು ಸಣ್ಣ, ಯಾಕೆ ಎಂದು ಕೇಳಿದೆ. ಅವಳು ಕೆಲಸ ಬಿಟ್ಟು ಕುರ್ಚಿ ತಿರುಗಿಸಿದಳು. ಯಾರೂ ಕೇಳಿರಲಿಲ್ಲವೋ ಏನೋ, ಖುಷಿಯಾಯಿತು ಅವಳಿಗೆ.

"ಅಗಲದ್ದು ಕೆಲಸ ಹೊರುತ್ತೆ ಅಮ್ಮ, ಸಣ್ಣದು ಸುದ್ದಿ ಹೊರುತ್ತೆ. ಮೋಟಾರು ತಿರುಗಿಸೋಕೆ ಕರೆಂಟು ಜಾಸ್ತಿ ಬೇಕು, ಅದಕ್ಕೆ ಅಗಲ. 'ತಿರುಗು', 'ನಿಲ್ಲು' ಅಂತ ಹೇಳೋಕೆ ಎಷ್ಟು ಬೇಕು? ಒಂಚೂರು. ಅದಕ್ಕೆ ಸಣ್ಣ ಗೆರೆ ಸಾಕು."

ಸರಿ, ನಮ್ಮ ಕಾಲುವೆಯ ಲೆಕ್ಕವೇ ಎಂದೆ. ಅಲ್ಲ ಎಂದು ತಲೆ ಆಡಿಸಿದಳು.

"ನೀರು ಹೋದ್ರೆ ಹೋಯ್ತು. ಕರೆಂಟು ಹಾಗಲ್ಲ. ಎಷ್ಟು ಹೋಯ್ತೋ ಅಷ್ಟೂ ವಾಪಸ್ ಬರ್ಬೇಕು. ಬರೋ ದಾರಿ ಇಲ್ಲ ಅಂದ್ರೆ ಹೊರಡೋದೇ ಇಲ್ಲ."

ಇಷ್ಟು ವರ್ಷ ಸ್ವಿಚ್ಚು ಒತ್ತಿದ್ದೇನೆ, ಲೈಟು ಉರಿದಿದೆ, ಬಿಲ್ಲು ಬಂದಿದೆ. ಗೋಡೆಯೊಳಗೆ ಹೋಗುವುದೊಂದು ದಾರಿ, ಬರುವುದೊಂದು ದಾರಿ ಇದೆ, ಬರುವ ದಾರಿ ಇಲ್ಲದಿದ್ದರೆ ಅದು ಹೆಜ್ಜೆಯನ್ನೇ ಇಡುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ನೀರಿಗೆ ಇಂಥ ಬುದ್ಧಿ ಇಲ್ಲ. ನೀರು ಕೋಡಿ ಬಿದ್ದು ಮುಂದಿನ ಕೆರೆಗೆ ಓಡಿಹೋಗುತ್ತದೆ, ತಿರುಗಿ ನೋಡುವುದಿಲ್ಲ.

ಬೋರ್ಡಿನ ಮೇಲೆ ಬರೆದಿದ್ದೆಲ್ಲ ಇಂಗ್ಲಿಷು. ಒಂದು ಮೂಲೆಯಲ್ಲಿ ಮಾತ್ರ, ಬಣ್ಣದ ಕೆಳಗೆ ತಾಮ್ರದಲ್ಲೇ, ಕಡಲೆಕಾಳಿನಷ್ಟು ದೊಡ್ಡದಾಗಿ 'ಶ್ರೀ' ಎಂದಿತ್ತು. ಅದು ನನಗೂ ಓದಲು ಬಂತು. ಏನಿದು ಎಂದೆ. ಅವಳ ಅಪ್ಪನದು ದಾವಣಗೆರೆಯಲ್ಲಿ ಕಾಳುಕಡ್ಡಿ ವ್ಯಾಪಾರ. ಶ್ರೀ ಬರೆಯದೆ ಮೂಟೆ ಕೂಡ ಹೊಲಿಯುತ್ತಿರಲಿಲ್ಲವಂತೆ; ತಕ್ಕಡಿಯ ಮೇಲೆ, ಗೋಡೆಯ ಮೇಲೆ, ಮಕ್ಕಳ ಸ್ಲೇಟಿನ ಮೇಲೆ, ಮೊದಲು ಶ್ರೀ, ಆಮೇಲೆ ಬಾಕಿಯದು. ಇವಳೂ ಖಾಲಿ ಪರದೆ ತೆರೆದರೆ ಮೊದಲು ಆ ಮೂಲೆಯಲ್ಲಿ ಶ್ರೀ ಇಡುತ್ತಾಳೆ. ಆಮೇಲೆ ಗೆರೆ. ಮಾಡಿದ ಬೋರ್ಡುಗಳಿಗೆಲ್ಲ ಅದೇ ಮೂಲೆ, ಅದೇ ಶ್ರೀ. ಒಳ್ಳೇದು ಮಾಡಿದೆ ಬಿಡು ಎಂದು ನಾನೂ ಹೇಳಿ ಬಂದೆ.

ಪರದೆಯ ಮೇಲಿದ್ದ ನಕ್ಷೆ ಗಾಲಿ ಕುರ್ಚಿಗೆ ಎಂದು ಆಮೇಲೆ ತಿಳಿಯಿತು. ಬೊಮ್ಮನಹಳ್ಳಿಯಲ್ಲಿ ಒಬ್ಬರು ಗಾಲಿ ಕುರ್ಚಿಗೆ ಮೋಟಾರು, ಬ್ಯಾಟರಿ ಕೂರಿಸಿ ಕೊಡುತ್ತಾರಂತೆ. ಕೈಯ ಹತ್ತಿರ ಸಣ್ಣ ಹಿಡಿ. ಅದನ್ನು ಯಾವ ಕಡೆ ಒತ್ತಿದರೆ ಆ ಕಡೆ ಕುರ್ಚಿ ಹೋಗುತ್ತದೆ. ಒತ್ತಿದ ಸುದ್ದಿಯನ್ನು ಮೋಟಾರಿಗೆ ಮುಟ್ಟಿಸಿ ಕರೆಂಟು ಬಿಡುವುದು ಇವಳ ಬೋರ್ಡು. ಬೋರ್ಡು ತಯಾರಾಗಿ ಬಂತು. ನೋಡಲೆಂದು ಒಂದು ಕುರ್ಚಿಯನ್ನೂ ತಂದಿಟ್ಟರು. ಬೋರ್ಡನ್ನು ಪೆಟ್ಟಿಗೆಯಲ್ಲಿ ಹಾಕಿ ಸೀಟಿನ ಕೆಳಗೆ ಕೂರಿಸಿ, ಅವಳು ಕುರ್ಚಿಯ ಮೇಲೆ ನಮ್ಮ ಮನೆಯ ರಾಗಿ ಮೂಟೆ ಇಟ್ಟು ಹಿತ್ತಲಲ್ಲಿ ಓಡಿಸತೊಡಗಿದಳು.

ಅಕ್ಕ ಅಡುಗೆಮನೆಯ ಬಾಗಿಲಿಗೆ ತನ್ನ ಕುರ್ಚಿ ತಂದು ನಿಲ್ಲಿಸಿಕೊಂಡು ನೋಡಿದಳು. ಒಂದು ದಿನ ನೋಡಿದಳು, ಮಾರನೇ ದಿನ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಏನಮ್ಮ, ಮೂಟೆನ ಎಷ್ಟು ದಿನ ಮೆರೆಸ್ತೀಯ? ಇಳಿಸು ಅದನ್ನ. ನಾನೇನು ಅದಕ್ಕಿಂತ ಭಾರ ಇಲ್ಲ."

ಇಂಜಿನಿಯರಮ್ಮ ಒಪ್ಪಲಿಲ್ಲ. ಸಮ ನೆಲದಲ್ಲಿ ಮಾತ್ರ ನೋಡಿದ್ದೀನಿ ದೊಡ್ಡಮ್ಮ, ಏರಿನಲ್ಲಿ ಇನ್ನೂ ನೋಡಿಲ್ಲ ಎಂದಳು. ಸಮ ನೆಲದಲ್ಲೇ ಕೂರುತ್ತೇನೆ ಎಂದಳು ಅಕ್ಕ. ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕೂರಿಸಿದೆವು. ಹಿಡಿ ಒತ್ತಿದಳು. ಕುರ್ಚಿ ಹೊರಟಿತು. ತೆಂಗಿನ ಮರ ಸುತ್ತಿದಳು, ಒಗೆಯುವ ಕಲ್ಲು ಸುತ್ತಿದಳು. ನನ್ನ ಕಾಲಿನ ಮೇಲೆ ಹತ್ತಿಸುವ ಹಾಗೆ ಬಂದು ಬೇಕೆಂದೇ ಕೊನೆಗೆ ತಿರುಗಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಹಲ್ಲು ನೋಡಿದ್ದು ಅವತ್ತೇ.

ಆಮೇಲೆ ಯಾರಿಗೂ ಹೇಳದೆ ಮನೆಯ ಪಕ್ಕದ ಸಂದಿಯಲ್ಲಿ ಗೇಟಿನ ಕಡೆ ಹೊರಟಳು. ಗೇಟು ತೆರೆದಿತ್ತು. ಇಂಜಿನಿಯರಮ್ಮ ಹಿಂದೆ ಓಡಿದಳು, ನಾನು ಮಂಡಿ ಹಿಡಿದುಕೊಂಡು ಅವಳ ಹಿಂದೆ. ನಾವು ಹೋಗುವಷ್ಟರಲ್ಲಿ ಕುರ್ಚಿ ಇಳಿಜಾರು ಹತ್ತುತ್ತಿತ್ತು. ಅರ್ಧ ಹತ್ತಿತು. ಮೋಟಾರಿನ ಸದ್ದು ಮುಲುಕಾಟವಾಯಿತು, ಪ್ಲಾಸ್ಟಿಕ್ ಸುಟ್ಟ ಹಾಗೆ ವಾಸನೆ ಬಂತು, ಕುರ್ಚಿ ನಿಂತಿತು.

ಹಿಂದಕ್ಕೆ ಜಾರಲಿಲ್ಲ, ಕರೆಂಟು ಹೋದರೆ ಬ್ರೇಕು ತಾನೇ ಕಚ್ಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಹಾಗಾಗಿ ಅಕ್ಕ ಏರಿನ ನಟ್ಟನಡುವೆ, ಮುಖ ಆಕಾಶಕ್ಕೆ ಮಾಡಿಕೊಂಡು, ಮೇಲೂ ಇಲ್ಲದೆ ಕೆಳಗೂ ಇಲ್ಲದೆ ಕೂತಿದ್ದಳು. ಸ್ಕೂಟರಿನವನೊಬ್ಬ ನಿಲ್ಲಿಸಿದ. ಎದುರು ಮನೆಯವರು ಬಾಗಿಲಿಗೆ ಬಂದರು. ಹಾಲಿನವನು ನಿಂತ. ಬ್ರೇಕು ಬಿಡಿಸುವ ಸಣ್ಣ ಸನ್ನೆಕೋಲು ಚಕ್ರದ ಹತ್ತಿರ ಇತ್ತು, ಅದನ್ನು ಎತ್ತಿ ಹಿಡಿದು, ಎಲ್ಲರೂ ಸೇರಿ ಅವಳನ್ನು ಇಳಿಸಿಕೊಂಡು ಬಂದರು.

"ಆಂಟಿ, ಭಯ ಪಡ್ಬೇಡಿ, ನಾವಿದ್ದೀವಿ, ತಳ್ತೀವಿ" ಎಂದ ಸ್ಕೂಟರಿನವನು. ಒಳ್ಳೆಯ ಮನುಷ್ಯ. ಅಕ್ಕ ಕಣ್ಣು ಮುಚ್ಚಿಕೊಂಡಳು.

ಒಳಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ತನ್ನ ಹಳೇ ಕುರ್ಚಿಗೆ ಬದಲಾಯಿಸಿಕೊಂಡು, ಅದನ್ನು ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಅವತ್ತಿನಿಂದ ಗೇಟಿಗೂ ಹೋಗುವುದನ್ನು ಬಿಟ್ಟಳು. ಮಗ ಏನೋ ಸಮಾಧಾನ ಹೇಳಲು ಹೋದ. ಆ ಕುರ್ಚಿ ಮಾತು ಎತ್ತಿದರೆ ಊಟ ಬಿಡುತ್ತೇನೆ ಎಂದಳು. ಮಾಡುವವಳೇ ಅವಳು.

ನಾನು ಹಿತ್ತಲಿಗೆ ಹೋದೆ. ಬೈಯಬೇಕೆಂದೇ ಹೋದೆ. ಇಂಜಿನಿಯರಮ್ಮ ಪೆಟ್ಟಿಗೆ ಬಿಚ್ಚಿ ಬೋರ್ಡನ್ನು ದೀಪದ ಕೆಳಗೆ ಹಿಡಿದುಕೊಂಡಿದ್ದಳು. ಅದನ್ನು ನನ್ನ ಕೈಗೆ ಕೊಟ್ಟಳು.

ಶ್ರೀ ಇದ್ದ ಮೂಲೆ. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಅಗಲ ಗೆರೆ, ಹೆಬ್ಬೆರಳಿನಷ್ಟು ಅಗಲದ್ದು, ಆ ಮೂಲೆಯ ಮೇಲೇ ಹಾದುಹೋಗಬೇಕಿತ್ತು. ಶ್ರೀಯನ್ನು ಮುಟ್ಟಬಾರದೆಂದು ಅದು ಪಕ್ಕಕ್ಕೆ ಸರಿದಿತ್ತು. ಶ್ರೀಗೂ ಅಂಚಿಗೂ ನಡುವೆ ಬೆಂಕಿಕಡ್ಡಿಯಷ್ಟು ಜಾಗ. ಅಷ್ಟರಲ್ಲಿ ನುಸುಳಿ, ದಾಟಿದ ಮೇಲೆ ಮತ್ತೆ ಅಗಲವಾಗಿತ್ತು. ಆ ಬೆಂಕಿಕಡ್ಡಿಯಷ್ಟು ಕಡೆ ತಾಮ್ರವೇ ಇರಲಿಲ್ಲ. ಕರ್ರಗೆ ಒಂದು ಕಲೆ. ಶ್ರೀಗೆ ಏನೂ ಆಗಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಅಗಲ ಗೆರೆಯನ್ನು ಕೈಯಲ್ಲಿ ಎಳೆಯುವುದಿಲ್ಲ. ಈ ಜಾಗ ತುಂಬು ಎಂದರೆ ಕಂಪ್ಯೂಟರು ತಾಮ್ರ ತುಂಬುತ್ತದೆ. ಅಡ್ಡ ಏನಾದರೂ ಇದ್ದರೆ ತಾನೇ ಸುತ್ತಿಕೊಂಡು ಹೋಗುತ್ತದೆ. ಅವಳು ಎಲ್ಲ ಕಡೆ ಅಗಲ ಅಳೆದಿದ್ದಳು. ಆ ಮೂಲೆ ಮಾತ್ರ ಕಣ್ಣಿಗೆ ಬಿದ್ದರೂ ಬೀಳಲಿಲ್ಲ. ಹಿಂದೆ ಮಾಡಿದ್ದು ಲೈಟಿನ ಬೋರ್ಡು, ಬೆಲ್ಲಿನ ಬೋರ್ಡು. ಅಲ್ಲಿ ಶ್ರೀಯಿಂದ ಯಾರಿಗೂ ತೊಂದರೆ ಇರಲಿಲ್ಲ. ಕುರ್ಚಿ ಸಮ ನೆಲದಲ್ಲಿ ಹೋಗುವಾಗ ಮೋಟಾರು ಕುಡಿಯುವ ಕರೆಂಟಿಗೆ ಆ ಸಂದಿಯೂ ಸಾಲುತ್ತಿತ್ತು. ಏರು ಹತ್ತುವಾಗ ಅದಕ್ಕೆ ನಾಲ್ಕಾರು ಪಟ್ಟು ಬೇಕಾಯಿತು. ಸಂದಿ ಕಾದು ಕರಗಿಹೋಯಿತು.

"ದಿನಾ ನೋಡೋ ಮೂಲೆ ಅಮ್ಮ. ಅದನ್ನ ಅಳೀಬೇಕು ಅಂತ ಹೊಳೀಲೇ ಇಲ್ಲ" ಎಂದಳು.

ಬೈಯಲು ಹೋದವಳು ಉಪಾಯ ಹೇಳಲು ನಿಂತೆ. ಹಾಗಾದರೆ ಎಲ್ಲ ಗೆರೆಯನ್ನೂ ಅಗಲ ಮಾಡಿಬಿಡು, ಯಾವುದೂ ಸುಡುವುದಿಲ್ಲ ಎಂದೆ. ಅವಳು ನಕ್ಕಳು. ಎಲ್ಲವನ್ನೂ ಅಗಲ ಮಾಡಿದರೆ ಬೋರ್ಡು ಬಾಗಿಲಿನಷ್ಟಾಗುತ್ತದೆ ಎಂದಳು. ಅದೂ ಅಲ್ಲದೆ ಸುದ್ದಿಯ ಗೆರೆಗೆ ಬೇಕಾದದ್ದು ನೆಮ್ಮದಿಯಂತೆ. ಕೈಹಿಡಿಯಿಂದ ಬರುವುದು ಪಿಸುಮಾತಿನಂಥ ಕರೆಂಟು. ಮೋಟಾರಿನ ಗೆರೆಯ ಮಗ್ಗುಲಲ್ಲೇ ಅದನ್ನು ಓಡಿಸಿದರೆ ಆ ಗದ್ದಲ ಇದಕ್ಕೂ ತಗುಲಿ, ನಾವು ಹೇಳದೇ ಇದ್ದಾಗಲೂ ಕುರ್ಚಿ ಗಕ್ಕನೆ ಹಾರುತ್ತದೆ. ಎಷ್ಟು ಅಗಲ ಮಾಡಿದರೂ ಅದಕ್ಕೆ ಮದ್ದಲ್ಲ. ದೂರ ಇಡಬೇಕು.

ಇದು ನನಗೆ ಅರ್ಥವಾಯಿತು. ಮಳೆಗಾಲದಲ್ಲಿ ತೂಬು ಎತ್ತಿದಾಗ ಅದರ ಬಾಯಲ್ಲಿ ನಿಂತವನಿಗೆ ಏನೂ ಕೇಳಿಸುತ್ತಿರಲಿಲ್ಲ. ಕೆಳಗಿನಿಂದ ನಾವು ಸಾಕು, ಮುಚ್ಚು ಎಂದು ಗಂಟಲು ಹರಿದುಕೊಂಡರೂ ನೀರಿನ ಭೋರ್ಗರೆತವೇ ಅವನ ಕಿವಿ ತುಂಬ. ಅದಕ್ಕೇ ನೀರುಗಂಟಿ ತನ್ನ ಹೆಂಡತಿಯನ್ನು ಕೆರೆ ಏರಿಯ ಆ ತುದಿಯಲ್ಲಿ, ಸದ್ದಿಲ್ಲದ ಕಡೆ ನಿಲ್ಲಿಸುತ್ತಿದ್ದ. ನಾವು ಕೂಗಿದ್ದು ಅವಳಿಗೆ, ಅವಳು ಸೆರಗು ಬೀಸಿದ್ದು ಅವನಿಗೆ. ಅದನ್ನು ಹೇಳಿದೆ. ಇಂಜಿನಿಯರಮ್ಮ ಆ ಹೆಂಡತಿಯ ಕಥೆ ಇನ್ನಷ್ಟು ಹೇಳಿ ಎಂದಳು. ನನಗೆ ಗೊತ್ತಿದ್ದದ್ದೇ ಅಷ್ಟು.

ಒಂದೆರಡು ದಿನದಲ್ಲಿ ಅವಳು ಸ್ನೇಹಿತರಿಂದ ಒಂದು ಕ್ಯಾಮೆರಾ ಎರವಲು ತಂದಳು. ಅದು ಶಾಖವನ್ನು ತೋರಿಸುವ ಕ್ಯಾಮೆರಾ. ತಣ್ಣಗಿರುವುದು ನೇರಳೆ, ಬೆಚ್ಚಗಿರುವುದು ಕೆಂಪು, ಕಾದದ್ದು ಹಳದಿ, ಇನ್ನೂ ಕಾದರೆ ಬಿಳಿ. ಅದೇ ಕಟ್ಟಿನಲ್ಲಿ ಬಂದಿದ್ದ ಇನ್ನೊಂದು ಬೋರ್ಡಿಗೆ ಸ್ವಲ್ಪ ಸ್ವಲ್ಪವೇ ಕರೆಂಟು ಬಿಟ್ಟು ನನ್ನನ್ನು ಕರೆದಳು.

ಬರಿಗಣ್ಣಿಗೆ ಬೋರ್ಡು ಹಸಿರಾಗಿ ಸುಮ್ಮನೆ ಬಿದ್ದಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಅಗಲ ಗೆರೆ ನಿಧಾನಕ್ಕೆ ನೇರಳೆಯಿಂದ ಮೇಲೆದ್ದು ಬಂತು, ಕತ್ತಲಲ್ಲಿ ದಾರಿ ಕಂಡ ಹಾಗೆ. ಶ್ರೀ ಪಕ್ಕದ ಸಂದಿ ಮೊದಲು ಕೆಂಪಾಯಿತು. ಹಳದಿಯಾಯಿತು. ಆಮೇಲೆ ಅಗ್ಗಿಷ್ಟಿಕೆಯ ಕೆಂಡದ ಹೊಟ್ಟೆಯಂತೆ ಬೆಳ್ಳಗಾಯಿತು. ಅವಳು ಕರೆಂಟು ನಿಲ್ಲಿಸಿದಳು. ನಾನು ಕ್ಯಾಮೆರಾದ ಆಚೆ ಮತ್ತೆ ಬೋರ್ಡನ್ನು ನೋಡಿದೆ. ಹಸಿರು. ಏನೂ ಆಗದವರ ಮುಖ.

ಅದನ್ನು ಕೆಳಗಿಡುವಾಗ ನೆಲದ ಮೇಲೆ ಏನೋ ಕಂಡಿತು. ನೇರಳೆ ನೆಲದಲ್ಲಿ ಕೆಂಪಾಗಿ ಪಾದದ ಗುರುತುಗಳು, ಬೆರಳು ಬೆರಳು ಬಿಡಿಸಿಟ್ಟ ಹಾಗೆ, ಬಾಗಿಲಿನಿಂದ ನಾನು ನಿಂತಲ್ಲಿಯವರೆಗೆ. ನನ್ನವೇ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆ. ನಾನು ನಡೆದುಬಂದ ಬಿಸಿ ಇನ್ನೂ ನೆಲದ ಮೇಲೆ ಉಳಿದಿತ್ತು, ನೋಡುತ್ತಿದ್ದ ಹಾಗೇ ಹಿಂದಿನವು ಮೊದಲು, ಮುಂದಿನವು ಆಮೇಲೆ ಅಳಿದುಹೋದವು. ಇಷ್ಟು ವರ್ಷ ಈ ಕೊಟ್ಟಿಗೆಯಲ್ಲಿ ಓಡಾಡಿದ್ದೇನೆ. ಪ್ರತಿ ಹೆಜ್ಜೆಗೂ ಹೀಗೆ ಒಂದು ಗುರುತು ಉಳಿದು ಅಳಿದಿರಬೇಕು. ನಾನು ದೇವಸ್ಥಾನದಲ್ಲಿ ಕೂಡ ಸುಮ್ಮಸುಮ್ಮನೆ ಕೈಮುಗಿಯುವವಳಲ್ಲ. ಅವತ್ತು ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಹೊಸ ನಕ್ಷೆಗೆ ಗೆರೆಯ ಅಗಲ ಹೇಗೆ ತೀರ್ಮಾನ ಮಾಡುತ್ತೀ ಎಂದು ಕೇಳಿದೆ. ಎಷ್ಟು ಕರೆಂಟು, ತಾಮ್ರ ಎಷ್ಟು ದಪ್ಪ ಎನ್ನುವುದು ಒಂದು ಕಡೆ. ಇನ್ನೊಂದನ್ನು ಅವಳು ಹೇಳಿದಾಗ ಮತ್ತೆ ನಾನು ಬೆಪ್ಪಾದೆ.

"ಎಷ್ಟು ಬಿಸಿ ಆಗ್ಲಿ ಅಂತ ಮೊದ್ಲು ನಾನು ಹೇಳ್ಬೇಕು. ಬಿಸಿನೇ ಆಗ್ದಿರೋ ಗೆರೆ ಇಲ್ಲ ಅಮ್ಮ. ಇಷ್ಟು ತಡ್ಕೋತೀನಿ ಅಂತ ಒಪ್ಪಿಕೊಂಡ ಮೇಲೆ ಅಗಲ ಸಿಗುತ್ತೆ."

ಭಾರ ಹೊತ್ತ ಮೇಲೆ ಬಿಸಿಯಾಗಲೇಬೇಕು, ಎಷ್ಟು ಬಿಸಿಯಾಗಬೇಕೆಂದು ಮೊದಲೇ ಗೊತ್ತುಮಾಡಿ, ಅಷ್ಟಕ್ಕೇ ದಾರಿ ಬಿಡುವುದು. ಕೂದಲಿಗಿಂತ ತೆಳ್ಳಗಿರುವ ತಾಮ್ರಕ್ಕೆ ಇಂಥ ಕರಾರು.

ನಕ್ಷೆ ಮತ್ತೆ ತೆರೆದಳು. ಮೂಲೆಯ ಶ್ರೀಯ ಮೇಲೆ ಬಾಣ ತಂದು ನಿಲ್ಲಿಸಿದಳು. ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ, ಬೆರಳು ಆಡಲಿಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು ಎಂದಳು. ಶ್ರೀ ಇಲ್ಲದೆ ಒಂದು ಬೋರ್ಡನ್ನೂ ಹೊರಗೆ ಕಳಿಸಿಲ್ಲ ಎಂದಳು. ನನಗೆ ಒಳಗೆ ಗೋಡೆ ನೋಡುತ್ತಾ ಕೂತವಳ ಬೆನ್ನು ಕಣ್ಣಮುಂದೆ ಇತ್ತು.

"ನಿಮ್ಮಪ್ಪ ಮೂಟೆ ಮೇಲೆ ಶ್ರೀ ಬರೀತಿದ್ದದ್ದು ಹೇಗಮ್ಮ? ಮಸೀಲೋ, ಇಲ್ಲಾ ಒಳಗಿರೋ ಕಾಳು ತೆಗೆದು ಜಾಗ ಮಾಡಿಯೋ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಗು ತಡೆಯಲಾಗದೆ ಮೇಜಿಗೆ ತಲೆ ಇಟ್ಟಳು. ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಅಕ್ಷರ ಅಚ್ಚು ಹಾಕುತ್ತಾರೆ,  ಇಂಗ್ಲಿಷೆಲ್ಲ ಅದರಲ್ಲೇ ಇರುವುದು. ಬಣ್ಣವಾದರೆ ಉಜ್ಜಿಹೋಗುತ್ತದೆ, ಶ್ರೀ ಉಳಿಯಲಿ ಎಂದು ಅವಳು ತಾಮ್ರದಲ್ಲಿ ಇಟ್ಟಿದ್ದಳಂತೆ. ಗುಂಡಿ ಒತ್ತಿದಳು. ಶ್ರೀ ಹೋಯಿತು, ಖಾಲಿ ಜಾಗಕ್ಕೆ ತಾಮ್ರ ನುಗ್ಗಿ ತುಂಬಿಕೊಂಡಿತು, ಕಾಲುವೆಯ ಬಾಯಿ ಕಡಿದ ಹಾಗೆ. ಅದರ ಮೇಲೆ ಬಿಳಿ ಬಣ್ಣದ ಶ್ರೀ ತಂದು ಕೂರಿಸಿದಳು. ಅಗಲ ಗೆರೆಯನ್ನು ಎರಡೂ ಮುಖಕ್ಕೆ ಹಾಕಿ, ನಡುನಡುವೆ ಸಾಸಿವೆಯಷ್ಟು ತೂತು ಕೊರೆಸಿ ಎರಡನ್ನೂ ಒಂದು ಮಾಡಿದಳು. ಕೈಹಿಡಿಯ ಸಣ್ಣ ಗೆರೆಯನ್ನು ಎದುರು ಅಂಚಿಗೆ ಒಯ್ದಳು, ನೀರುಗಂಟಿಯ ಹೆಂಡತಿಯನ್ನು ನಿಲ್ಲಿಸಿದ ಹಾಗೆ.

ಹೊಸ ಬೋರ್ಡು ಬಂದ ಮೇಲೆ ಮೂಟೆಯನ್ನು ಮತ್ತೆ ಕುರ್ಚಿಯ ಮೇಲೆ ಕೂರಿಸಿದಳು. ಈ ಸಲ ಸಮ ನೆಲವಿಲ್ಲ, ಇಳಿಜಾರೇ. ಒಂದು ಮೂಟೆ ಸಾಲದು ಎಂದು ಅದರ ಮೇಲೆ ಅಕ್ಕಿಯದನ್ನೂ ಏರಿಸಿದಳು. ಹತ್ತಿಸಿದಳು, ಇಳಿಸಿದಳು, ನಡುವೆ ಬೇಕೆಂದೇ ನಿಲ್ಲಿಸಿ ಮತ್ತೆ ಹೊರಡಿಸಿದಳು. ಬೀದಿಯವರಿಗೆ ತಮಾಷೆ. ಪ್ರತಿ ಸಲ ಪೆಟ್ಟಿಗೆ ಬಿಚ್ಚಿ ಕ್ಯಾಮೆರಾ ಹಿಡಿದಳು. ಗೆರೆ ಉದ್ದಕ್ಕೂ ಒಂದೇ ಕೆಂಪು, ಎಲ್ಲೂ ಚುಕ್ಕೆ ಇಲ್ಲ. ಏರಿನಲ್ಲಿ ಮೋಟಾರು ಏದುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಅಕ್ಕ ತಿರುಗಲಿಲ್ಲ. ನಾನು ಏನೂ ಹೇಳಲಿಲ್ಲ, ಹೇಳಿದರೆ ಊಟ ಬಿಡುತ್ತಾಳೆ.

ಸಂಜೆ ಇಂಜಿನಿಯರಮ್ಮ ಕ್ಯಾಮೆರಾ ಹಿಡಿದು ಅಡುಗೆಮನೆಗೇ ಬಂದಳು. ಕುರ್ಚಿಯ ಮಾತು ಎತ್ತಲಿಲ್ಲ. ದೊಡ್ಡಮ್ಮ, ಗೋಡೆಗೆ ಸ್ವಲ್ಪ ಹೊತ್ತು ಕೈ ಒತ್ತಿ ತೆಗೀರಿ ಎಂದಳು. ಅಕ್ಕ ಇದೇನು ಹುಚ್ಚಾಟ ಎನ್ನುತ್ತಲೇ ಒತ್ತಿದಳು, ತೆಗೆದಳು. ಇಂಜಿನಿಯರಮ್ಮ ಪರದೆ ತೋರಿಸಿದಳು. ನೇರಳೆ ಗೋಡೆಯ ಮೇಲೆ ಅವಳ ಕೈ ಇತ್ತು, ಐದು ಬೆರಳೂ, ಹಳದಿ ಕೆಂಪಾಗಿ. ಕೈ ಮಾತ್ರ ಮಡಿಲಲ್ಲಿತ್ತು.

ಅಕ್ಕ ಅದು ಅಳಿಯುವವರೆಗೂ ನೋಡಿದಳು. ಮತ್ತೆ ಒತ್ತಿದಳು, ಮತ್ತೆ ನೋಡಿದಳು.

"ಇಷ್ಟು ಕಾವು ಇದೆಯಾ ನನ್ನ ಮೈಯಲ್ಲಿ ಇನ್ನೂ" ಎಂದಳು.

ಆಮೇಲೆ ಇಂಜಿನಿಯರಮ್ಮ ಬೋರ್ಡಿನ ಚಿತ್ರ ತೋರಿಸಿದಳು, ಮೊದಲು ಸುಟ್ಟದ್ದು, ಆಮೇಲೆ ಹೊಸದು. ಎಲ್ಲಿ ಇಕ್ಕಟ್ಟಾಗಿತ್ತು, ಈಗ ಎಷ್ಟು ಅಗಲ, ಎಲ್ಲ ಹೇಳಿದಳು. ತಪ್ಪು ನನ್ನದು ಎಂದೂ ಹೇಳಿದಳು. ಅಕ್ಕ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಶ್ರೀ ಎಲ್ಲಿ?"

"ಮೇಲೇ ಇದೆ ದೊಡ್ಡಮ್ಮ. ಬಣ್ಣದಲ್ಲಿ. ಕೆಳಗಡೆ ಕರೆಂಟು ಹೋಗುತ್ತೆ."

ನಾಳೆ ಸೊಪ್ಪಿನವಳು ಬರುವ ಹೊತ್ತಿಗೆ ಕುರ್ಚಿ ಗೇಟಿನ ಹತ್ತಿರ ಇರಲಿ ಎಂದಳು ಅಕ್ಕ. ನನ್ನ ಕಡೆ ತಿರುಗಿ, ಯಾರಾದರೂ ಹಿಂದೆ ಬಂದರೆ ನೋಡು ಎಂದಳು.

ಬೆಳಿಗ್ಗೆ ಕೂರಿಸಿದೆವು. ಮಗನನ್ನು ಮಹಡಿಗೆ ಓಡಿಸಿದಳು. ಇಂಜಿನಿಯರಮ್ಮನಿಗೆ ಸಂದಿಯ ಆಚೆ ನಿಲ್ಲು ಎಂದಳು. ನಾನು ಗೇಟಿನ ಪಕ್ಕ ನಿಂತೆ, ನನಗೆ ಅವಳು ಏನೂ ಹೇಳಲಿಲ್ಲ, ನನ್ನ ಮಂಡಿ ಅವಳಿಗೆ ಗೊತ್ತು. ಹಿಡಿ ಒತ್ತಿದಳು. ಮುಂದಿನ ಚಕ್ರ ಏರಿಗೆ ತಾಗಿತು. ಮೋಟಾರಿನ ಸದ್ದು ದಪ್ಪಗಾಯಿತು. ಅವತ್ತು ನಿಂತ ಜಾಗಕ್ಕೆ ಬಂತು. ಸೀಟಿನ ಕೆಳಗೆ ಆ ಪೆಟ್ಟಿಗೆಯೊಳಗೆ, ಬಿಳಿ ಶ್ರೀಯ ಕೆಳಗೆ, ಕೂದಲಿನಂಥ ತಾಮ್ರದ ಮೇಲೆ ನನ್ನ ಅಕ್ಕನ ಅಷ್ಟೂ ಭಾರ ಹಾದುಹೋಗುತ್ತಿದೆ ಎಂದುಕೊಂಡೆ. ನನ್ನ ಉಗುರಿಗೂ ಸಿಗದಿದ್ದ ತಾಮ್ರ. ಮೂಗು ಅರಳಿಸಿ ವಾಸನೆ ಹುಡುಕಿದೆ. ಹೊಂಗೆ ಹೂವಿನ ವಾಸನೆ ಮಾತ್ರ ಇತ್ತು.

ಮೊದಲು ಚಕ್ರ ಕಣ್ಮರೆಯಾಯಿತು, ಆಮೇಲೆ ಬೆನ್ನು, ಕೊನೆಗೆ ತುರುಬು. ತಗ್ಗಿನಲ್ಲಿ ನಿಂತ ನನಗೆ ರಸ್ತೆಯ ಅಂಚು ಮಾತ್ರ ಉಳಿಯಿತು.

ಕಾದೆ. ಬಿಸಿಲು ಗೇಟಿನಿಂದ ತುಳಸಿ ಕಟ್ಟೆಗೆ ಬಂತು. ಇಂಜಿನಿಯರಮ್ಮ ಸಂದಿಯಿಂದ ಒಂದೊಂದು ಸಲ ಇಣುಕಿ, ಬಂದರಾ ಎಂದು ಕೈಯಲ್ಲೇ ಕೇಳುವಳು. ನನಗೆ ಸಿಟ್ಟು ಬರತೊಡಗಿತು. ಹತ್ತಿ ನೋಡೋಣವೆಂದರೆ ಮಂಡಿ ಬಿಡದು.

ಕೊನೆಗೆ ರಸ್ತೆಯ ಅಂಚಿನಲ್ಲಿ ಸಣ್ಣ ಚಕ್ರಗಳು ಕಾಣಿಸಿಕೊಂಡವು. ಅಕ್ಕ ನೇರ ಇಳಿದು ಬಂದಳು, ನಿಧಾನ, ಹೇಳಿದ ಹಾಗೆ ಕೇಳುವ ಎತ್ತಿನ ಮೇಲೆ ಕೂತವಳಂತೆ. ಇಳಿಯುವಾಗ ಚಕ್ರವೇ ಮೋಟಾರನ್ನು ತಿರುಗಿಸುತ್ತದಂತೆ, ಆಗ ಕರೆಂಟು ಅದೇ ಅಗಲ ಗೆರೆಯಲ್ಲಿ ಹಿಂದಕ್ಕೆ ಹರಿದು ಬ್ಯಾಟರಿಗೆ ಸೇರುತ್ತದಂತೆ. ಇಂಜಿನಿಯರಮ್ಮ ಅದನ್ನು ಆಮೇಲೆ ಹೇಳಿದಳು, ನಾನು ಇನ್ನೊಂದು ಸಲ ಹೇಳಿಸಿಕೊಂಡೆ.

ಅಕ್ಕನ ಮಡಿಲಲ್ಲಿ ದಂಟಿನ ಸೊಪ್ಪಿನ ಕಟ್ಟು. ನೋಡಿದರೆ ಬಲಿತದ್ದು, ಕಡ್ಡಿಯೆಲ್ಲ ನಾರು. ಇದನ್ನು ಯಾವಳಾದರೂ ಕೊಳ್ಳುತ್ತಾಳಾ, ಇಷ್ಟು ಹೊತ್ತು ಕೂತು ಆರಿಸಿದ್ದು ಇದನ್ನಾ ಎಂದು ಬೈದೆ.

"ಆರಿಸೋಕೆ ಟೈಮೆಲ್ಲಿತ್ತು ಕಣೇ" ಎಂದಳು. "ಮಾತು ಬೇಕಾದಷ್ಟು ಬಾಕಿ ಇತ್ತು."

ಅವಳು ಒಳಗೆ ಹೋಗುವ ಮೊದಲು ನಾನು ಬಗ್ಗಿ ಸೀಟಿನ ಕೆಳಗಿನ ಪೆಟ್ಟಿಗೆಗೆ ಅಂಗೈ ಒತ್ತಿದೆ. ಬೆಚ್ಚಗಿತ್ತು. ಆಗಷ್ಟೇ ಹಾಲು ಕರೆದ ಚೊಂಬಿನ ಮೈ ಹೇಗಿರುತ್ತದೋ ಅಷ್ಟು. ಏನೇ ಅದು ಎಂದಳು ಅಕ್ಕ. ಏನಿಲ್ಲ, ಹೋಗು ಎಂದೆ. ಸೊಪ್ಪು ಬಿಡಿಸಲು ಕೂತೆ. ಅರ್ಧ ಕಸಕ್ಕೇ ಹೋಯಿತು.